ಮುಂದ ಅಂದ್ರ ಯಾವ ಮುಂದ?

ಕೌಸಲ್ಯಾಬಾಯಿ: ಛಂದ ನಡೀತಿದ್ದ ಮಷೀನ್ ಯಾಕ ಬಿಚ್ಚಿದಿರಿ? ಅದೊಂದು ಮೊದಲ ಹೇಳ್ರಿ.

ಗೋರಖನಾಥ: ಛಂದ ಎಲ್ಲಿ ನಡೀತಿತ್ತು? ಹೋದ ಸಲ ತಪಾಸಣಿ ಸಾಹೇಬ್ರು ದೋಣ್ಯಾಗ ಕುಂತಾಗ ನಟ್ಟನಡು ನೀರಾಗ ನಿಂತಿಲ್ಲೇನು?

ಕೌಸಲ್ಯಾಬಾಯಿ: ಪೆಟ್ರೋಲ್ ಮುಗಿದಿತ್ತು!

ಗೋರಖನಾಥ: ಹಾಂ, ಯಾಕ ಮುಗೀತು? ಒಳಗ ಏನೋ ಕದ್ದು ಕುಡೀಲಾಕತ್ತದ ಅಂತ ನನಗ ಡೌಟ್ ಬಂತು. ಬಿಚ್ಚಿ ನೋಡಿದೆ.

ಕೌಸಲ್ಯಾಬಾಯಿ: ಲಗ್ನ ಆಗಿ ಇಪ್ಪತ್ತಾರು ವರ್ಷ ಆಯ್ತು. ನನ್ನ ಮನಸ್ಸಿನೊಳಗ ಏನದ ಅಂತ ಒಂದಿನ ನೋಡಿಲ್ಲ ನೀವು.

ಗೋರಖನಾಥ: ಮಷೀನಿಗಿ ಪುಸ್ತಕ ಅದ. ನಿಂದು ಪುಸ್ತಕ ಎಲ್ಲಿ ಅದ?

ಕಾರಂಜಾ ಹಿನ್ನೀರಿನ ದಂಡೆ, ಭಾಲ್ಕಿ ಕಡೆಯ ಮಗ್ಗುಲು. ಮಹಿಳಾ ಮೀನುಗಾರರ ಸಂಘದ ತಗಡು ಪತ್ರಾಸಿನ ಶೆಡ್ಡು, ಅದರೆದುರು ಮೂತಿಯನ್ನು ಮಣ್ಣಿಗೆ ಒರಗಿಸಿ ಬಾಲವನ್ನು ನೀರಿಗೆ ಬಿಟ್ಟು ಮಲಗಿದ ದೋಣಿ. ಜಗಳದ ಮೂಲ ಆ ಬಾಲಕ್ಕೆ ಕಚ್ಚಿಕೊಂಡಿತ್ತು: ಕೆಳಗೆ ಪಂಖ, ಮೇಲೆ ಎಂಜಿನ್ನು ಇರುವ ಔಟ್‌ಬೋರ್ಡ್ ಮೋಟಾರು. ಯಾವುದೋ ಸಮುದ್ರದ ಊರಿನಿಂದ ಮೂರು ಕೈ ದಾಟಿ, ಸಮುದ್ರವನ್ನೇ ಕಾಣದ ಬೀದರ ಜಿಲ್ಲೆಗೆ ಬಂದು ಬಿದ್ದಿತ್ತು. ಅದನ್ನು ಬಿಚ್ಚಿ, ತೊಳೆದು, ರಿಂಗು ಬದಲಿಸಿ, ಮತ್ತೆ ಕೂಡಿಸಿದವನು ಗೋರಖನಾಥ. ಬೀದರ ಬಳಿಯ ಕೊಳಾರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗೇಟು ಕಾಯ್ದು ನಿವೃತ್ತನಾದ ಆತನಿಗೆ, ಅಷ್ಟು ವರ್ಷ ಯಂತ್ರದ ಸದ್ದು ಕೇಳಿದ್ದರಿಂದ ಯಂತ್ರದ ಭಾಷೆ ಬಂದಿದೆ ಎಂಬ ನಂಬಿಕೆ ಇತ್ತು.

ಹೆಂಡತಿ ಕೌಸಲ್ಯಾಬಾಯಿ ಸಂಘದ ಅಧ್ಯಕ್ಷೆ. ಹದಿನಾಲ್ಕು ಹೆಂಗಸರ ಮೀನಿನ ಪರವಾನಗಿ ಅಂದು ಹನ್ನೊಂದು ಗಂಟೆಯ ತಪಾಸಣೆಯ ಮೇಲೆ ನಿಂತಿತ್ತು. ದೋಣಿ ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು, ಮುಂದಕ್ಕೂ ಹೋಗಬೇಕು, ಹಿಂದಕ್ಕೂ ಬರಬೇಕು. ಎರಡನೇ ಸಲವೂ ನಪಾಸಾದರೆ ಹಿನ್ನೀರಿನ ಮೀನಿನ ಹರಾಜು, ಅದನ್ನು ಹಿಡಿಯಲು ಬಿಳಿ ಅಂಗಿಯ ಗುತ್ತಿಗೆದಾರ ತಯಾರಾಗಿ ಕೂತಿದ್ದ. ಗಿಯರೇ ಇಲ್ಲದ ಆ ಮೋಟಾರಿಗೆ ಹಿಂದಕ್ಕೆ ಹೋಗುವುದು ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಆಗ ಒಂಬತ್ತೂವರೆ. ಮೋಟಾರಿನೊಳಗೆ ತಲೆ ಹಾಕಿ ಕೂತಿದ್ದವನು ನಜಮೋದ್ದೀನ, ಭಾಲ್ಕಿಯ ಹಳೆಯ ಮೊಪೆಡ್ ಮಿಸ್ತ್ರಿ.

ಕೌಸಲ್ಯಾಬಾಯಿ: ಮತ್ತ ನೀವು ಏನಣ್ಣಾ? ನಿನ್ನಿ ಬರ್ತೇನಿ ಅಂದು ಇವತ್ತ ಬಂದೀರಿ.

ನಜಮೋದ್ದೀನ: ವೈನಿ, ನಾ ‘ಕಲ್’ ಅಂದಿದ್ದೆ. ನಮ್ಮ ಮಾತಿನಾಗ ಕಲ್ ಅಂದ್ರ ನಿನ್ನಿನೂ ಹೌದು, ನಾಳಿನೂ ಹೌದು. ನಾ ನಡುವ ಬಂದೀನಿ, ಯಾರಿಗೂ ಲುಕ್ಸಾನ ಇಲ್ಲ.

ಕೌಸಲ್ಯಾಬಾಯಿ: ಮೋಟಾರ್ ಗೊತ್ತದಲ್ಲ ನಿಮಗ?

ನಜಮೋದ್ದೀನ: ಮೊಪೆಡ್ ಗೊತ್ತದ. ಮೊಪೆಡ್ಡಿಗಿ ಟೈರ್ ಕಳಚಿ ನೀರಾಗ ಇಟ್ರ ಇದೇ ಅಲ್ಲೇನ್ರಿ?

ಮೀನು ತಗೊಂಡು ಹೋಗಲು ಚೀಲ ಹಿಡಿದು ಬಂದ ನಾನು, ಚೀಲವನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದೆ. ಔರಾದಿನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತೇನೆ. ಅಂದು ಕಾಲೇಜಿಗೆ ರಜೆ. ನನಗೆ ರಜೆ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಜಮೋದ್ದೀನ: ಗೋರಖಭಾಯ್, ಈ ಲಾಲ ಬಟನ್ ಎಲ್ಲೀದು? ಎಲ್ಲ ಕೂಡಿಸಿದ ಮ್ಯಾಲ ಉಳಿದದಲ್ಲ?

ಗೋರಖನಾಥ: ಕಂಪನಿಯವ್ರು ಹೆಚ್ಚಿಗಿ ಹಾಕಿ ಕಳಸ್ತಾರ. ಅಂಗಿಗಿ ಒಂದು ಗುಂಡಿ ಜಾಸ್ತಿ ಹೊಲಿದಿರ್ತಾರಲ್ಲ, ಹಂಗ.

ನಜಮೋದ್ದೀನ: ಇದರ ಬಾಲಕ್ಕ ತಂತಿ ಅದ.

ಗೋರಖನಾಥ: ಗುಂಡಿಗಿ ದಾರ ಇರೂದಿಲ್ಲೇನು?

ಕೌಸಲ್ಯಾಬಾಯಿ: ಕಿಸೇದಾಗ ಇಟ್ಕೊಳ್ರಿ. ಅದರ ಅಂತ್ಯಸಂಸ್ಕಾರ ಆಮ್ಯಾಲ ಮಾಡೂಣು. ಮೊದಲ ಚಾಲೂ ಮಾಡ್ರಿ.

ಬಟನ್ ಗೋರಖನಾಥನ ಕಿಸೆ ಸೇರಿತು. ಕೌಸಲ್ಯಾಬಾಯಿ ಹೀಗೆ ಬೈಯುತ್ತಲೇ ಬಲೆಯ ದಾರವನ್ನು ಉಂಡೆ ಸುತ್ತುತ್ತಿದ್ದರು. ಅವರದು ಎಡಗೈ. ಅವರು ಸುತ್ತಿದ ಉಂಡೆಯನ್ನು ಬೇರೆಯವರು ಬಿಚ್ಚಲು ಹೋದರೆ ದಾರ ಗಂಟಾಗಿ, ಕೊನೆಗೆ ಅವರನ್ನೇ ಕರೆಯಬೇಕಾಗುತ್ತಿತ್ತು.

ನಜಮೋದ್ದೀನ: ಚಾಲೂ ಮಾಡೂಕಿಂತ ಪೈಲೆ ಟೈಮಿಂಗ್ ಕೂಡಿಸಬೇಕು ವೈನಿ. ಪಿಸ್ಟನ್ ಒಳಗ ಮ್ಯಾಲ ಕೆಳಗ ಓಡಾಡ್ತದ. ಅದು ಎಲ್ಲಿ ಬಂದಾಗ ಕಿಡಿ ಬೀಳಬೇಕು ಅಂಬೋದೇ ಟೈಮಿಂಗ್. ಮೊಪೆಡ್ಡಿನಾಗ ಕಿಡಿ ಕೊಡೂ ತಾಟಿನ ಮ್ಯಾಲ ಒಂದು ಗೆರಿ ಇರ್ತದ. ಗೆರಿಗಿ ಗೆರಿ ಕೂಡಿಸಿದ್ರ ಮುಗೀತು, ಅಕ್ಕಲ್ ಖರ್ಚ ಮಾಡೂ ಕೆಲಸ ಇಲ್ಲ. ಇದರ ತಾಟಿನ ಮ್ಯಾಲ ಗೆರೀನೇ ಇಲ್ಲ!

ಗೋರಖನಾಥ: ಇತ್ತು. ಹೊಲಸಾಗಿತ್ತು ಅಂತ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದೆ, ಆಮ್ಯಾಲ ಪಾಲಿಶ್ ಕಾಗದ ಹೊಡದೆ. ಈಗ ನೋಡು, ಮಾರಿ ಕಾಣ್ತದ ಅದರಾಗ.

ನಜಮೋದ್ದೀನ: ಕಾಣ್ತದ. ಹುಚ್ಚನ ಮಾರಿ.

ಗೋರಖನಾಥ: ನೀ ನೋಡಿದ್ರ ನಿಂದೇ ಕಾಣ್ತದಪ್ಪ.

ಕೌಸಲ್ಯಾಬಾಯಿ: ಮನ್ಯಾಗ ಒಂದು ತಾಟು ತೊಳೀರಿ ಅಂದ್ರ ಕೈ ನೋಯ್ತದ ಇವರಿಗಿ. ಇಲ್ಲಿ ಗೆರಿ ಹೋಗೂ ತನಕ ತಿಕ್ಯಾರ!

ಗೋರಖನಾಥ: ಪುಸ್ತಕದಾಗ ಇರ್ತದ. ಸರ್, ನೀವು ಓದ್ರಿ.

ನಾನು: ಇದು ಇಂಗ್ಲಿಷಿನಾಗ ಅದ. ನಾನು ಕನ್ನಡದವ.

ಗೋರಖನಾಥ: ಓದಿದವ್ರಿಗಿ ಎಲ್ಲ ಒಂದೇ ಅಲ್ಲೇನ್ರಿ?

ಎಣ್ಣೆ ಕುಡಿದು ಪಾರದರ್ಶಕವಾದ ಆ ಪುಸ್ತಕದಲ್ಲಿ ಹದಿನೆಂಟನೇ ಪುಟ ಓದಿದರೆ ಹತ್ತೊಂಬತ್ತನೆಯದೂ ಜೊತೆಗೇ ಕಾಣುತ್ತಿತ್ತು. ಒಂದೇ ಒಂದು ವಾಕ್ಯ ಬಿಡಿಯಾಗಿ ಸಿಕ್ಕಿತು: ಇಗ್ನಿಷನ್ ಅಡ್ವಾನ್ಸ್, ಎರಡೂವರೆ ಮಿಲಿಮೀಟರ್. ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಮೂವತ್ತು ವಿದ್ಯಾರ್ಥಿಗಳು ಎಂದೂ ಅಷ್ಟು ಆಸೆಯಿಂದ ನೋಡಿರಲಿಲ್ಲ. ನಾನು ಧ್ವನಿ ತಗ್ಗಿಸಿ, ಗಂಭೀರವಾಗಿ ಅನುವಾದಿಸಿದೆ.

ನಾನು: ಕಿಡಿ ಎರಡೂವರೆ ಮಿಲಿಮೀಟರ್ ಮುಂದ ಇಡಬೇಕಂತ.

ನಜಮೋದ್ದೀನ: ವಾಹ್! ಮಾಸ್ಟರ್ ಸಾಬ್ ಅಂದ್ರ ಇವ್ರು. ಬಂತು, ಆಯ್ತು. ವೈನಿ, ಒಂದು ಪತಲಾ ಕಾಗದ ಕೊಡ್ರಿ.

ಅವನ ವಿದ್ಯೆ ಹೀಗಿತ್ತು. ಪ್ಲಗ್ ಬಿಚ್ಚಿದ ತೂತಿನಲ್ಲಿ ಊದಿನಕಡ್ಡಿಯ ಬರಿಯ ಕಡ್ಡಿ ಇಳಿಬಿಟ್ಟರೆ, ಪಿಸ್ಟನ್ ಏರಿದಂತೆ ಕಡ್ಡಿ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕಿಡಿ ಕೊಡುವ ಎರಡು ಪುಟ್ಟ ತುಟಿಗಳ ನಡುವೆ ತೆಳು ಕಾಗದ ಸಿಕ್ಕಿಸಿಟ್ಟರೆ, ತುಟಿ ತೆರೆದ ಗಳಿಗೆಯಲ್ಲಿ ಕಾಗದ ಸುಮ್ಮನೆ ಜಾರಿ ಬರುತ್ತದೆ. ಅದೇ ಕಿಡಿಯ ಗಳಿಗೆ. ಗೋರಖನಾಥ ಶೆಡ್ಡಿನ ಗೋಡೆಯ ದಿನದ ಕ್ಯಾಲೆಂಡರಿನಿಂದ ಮೇಲಿನ ಹಾಳೆಯನ್ನು ಪರ್ರನೆ ಹರಿದು ಕೊಟ್ಟ.

ಕೌಸಲ್ಯಾಬಾಯಿ: ಅಯ್ಯ! ಇಲ್ಲಿ ಬೇಸ್ತವಾರ ತೋರ್ಸ್ತದಲ್ಲ! ತಪಾಸಣಿ ಬುಧವಾರ! ಬುಧವಾರ ಎಲ್ಲಿಗಿ ಹೋಯ್ತು?

ನಜಮೋದ್ದೀನ: ಗಾಬರಿ ಆಗಬ್ಯಾಡ್ರಿ ವೈನಿ. ಬುಧವಾರ ಮಷೀನಿನಾಗ ಅದ.

ಅವನು ಕಡ್ಡಿ ಇಳಿಬಿಟ್ಟ. ಚಕ್ರ ತಿರುಗಿಸಿದ. ಕಡ್ಡಿ ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಿತು, ಇಳಿಯತೊಡಗಿತು. ನಜಮೋದ್ದೀನನ ಕೈಯೂ ನಿಂತಿತು.

ನಜಮೋದ್ದೀನ: ಮಾಸ್ಟರ್ ಸಾಬ್, ಮುಂದ ಅಂದ್ರ ಯಾವ ಮುಂದ?

ನಾನು: ಅಂದ್ರ?

ನಜಮೋದ್ದೀನ: ಪಿಸ್ಟನ್ ಮ್ಯಾಲ ಮುಟ್ಟೂಕಿಂತ ಎರಡೂವರಿ ಪೈಲೇನೋ, ಮುಟ್ಟಿ ಕೆಳಗ ಹೊಂಟ ಮ್ಯಾಲ ಎರಡೂವರಿನೋ?

ನಾನು: ಮುಂದ ಅಂದ್ರ... ಮುಂದ.

ಗೋರಖನಾಥ: ಅಷ್ಟೂ ತಿಳೀಲಿಲ್ಲೇನೋ ನಜಮೂ? ಮುಂದ ಅಂದ್ರ ಆಮ್ಯಾಲ. ಮುಂದಿನ ವಾರ ಅಂದ್ರ ಆದ ವಾರ ಅಲ್ಲ, ಬರೂ ವಾರ.

ನಜಮೋದ್ದೀನ: ಮತ್ತ ಓಟದಾಗ ಮುಂದ ಇದ್ದವ ಪೈಲೆ ಮುಟ್ತಾನ, ಬಾದ ಮುಟ್ಟಲ್ಲ.

ಗೋರಖನಾಥ: ಇದು ಓಟ ಅಲ್ಲ, ಟೈಮಿಂಗ್. ಟೈಮಿನಾಗ ಮುಂದ ಅಂದ್ರ ತಡ. ಕೌಸಲ್ಯಾ, ನೀನೇ ಹೇಳು. ನಿಮ್ಮಪ್ಪ ನಮ್ಮ ಲಗ್ನ ಮುಂದ ಹಾಕ್ದ. ಲಗ್ನ ಜಲ್ದಿ ಆಯ್ತೋ, ತಡ ಆಯ್ತೋ?

ಕೌಸಲ್ಯಾಬಾಯಿ: ಆರು ತಿಂಗಳು ತಡ ಆಯ್ತು. ಪೂರಾ ಆರು ವರ್ಷ ಹಾಕಬೇಕಿತ್ತು ಅಪ್ಪ.

ಗೋರಖನಾಥ: ಕೇಳಿದಿಲ್ಲೋ? ಸರ್, ನೀವು ಏನಂತೀರಿ?

ನನಗೆ ಇಂಗ್ಲಿಷ್ ಪದದ ಅರ್ಥ ‘ಮೊದಲೇ’ ಎಂದು ಒಂದು ಕ್ಷಣ ಹೊಳೆದದ್ದು ನಿಜ. ಆದರೆ ಗಂಡಹೆಂಡಿರು ಅಂದು ಬೆಳಗಿನಿಂದ ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದರು. ಅದೂ ಅಲ್ಲದೆ, ನನ್ನ ಕಣ್ಣಮುಂದೆಯೇ ಮುಂದೂಡಿದ ಪರೀಕ್ಷೆಗಳು, ಮುಂದೆ ನೋಡೋಣ ಎಂದ ಬಡ್ತಿಗಳು ಸಾಲುಗಟ್ಟಿ ನಿಂತವು. ಅವುಗಳಲ್ಲಿ ಒಂದೂ ಮೊದಲೇ ಬಂದಿರಲಿಲ್ಲ.

ನಾನು: ಪದದ ಪ್ರಯೋಗ ನೋಡಿದ್ರ... ಆಮ್ಯಾಲ ಅಂತನೇ ಅನಿಸ್ತದ.

ನಜಮೋದ್ದೀನ: ಮೂರು ಓಟು ಬಿದ್ದಾವ. ನಂದೇನು ನಡೀತದ? ಮೊಪೆಡ್ ಬ್ಯಾರೆ, ಸಮುದ್ರದ ಹಿಸಾಬ ಬ್ಯಾರೆ ಇರಬಹುದು.

ಕಡ್ಡಿ ತುದಿ ಮುಟ್ಟಿ ಎರಡೂವರೆ ಮಿಲಿಮೀಟರ್ ಇಳಿದ ಮೇಲೆ ಕಾಗದ ಜಾರುವಂತೆ ಅವನು ತಾಟನ್ನು ಬಿಗಿದ. ಬುಧವಾರ ಹೊರಗೆ ಬಂತು. ಪ್ಲಗ್ ಹಾಕಿದರು. ಇನ್ನು ಎಳೆಯುವುದು. ಆ ಮೋಟಾರಿಗೆ ಬುಗುರಿಯಂತೆ ತಲೆಯ ಚಕ್ರಕ್ಕೆ ಹಗ್ಗ ಸುತ್ತಿ ಜಗ್ಗಬೇಕು. ಗೋರಖನಾಥ ಜಗ್ಗಿದ. ಫುಸ್. ನಜಮೋದ್ದೀನ ಜಗ್ಗಿದ. ಫುಸ್ ಫುಸ್. ನಾನೂ ಜಗ್ಗಿದೆ. ಮೋಟಾರು ಏನೂ ಅನ್ನಲಿಲ್ಲ, ನನ್ನ ಸೊಂಟ ಮಾತ್ರ ಕಟಕ್ ಅಂದಿತು.

ಗೋರಖನಾಥ: ಎಷ್ಟಾಯ್ತು?

ನಜಮೋದ್ದೀನ: ನಲವತ್ತು. ಮಾಸ್ಟರ್ ಸಾಬರದು ಹಿಡಿದ್ರ ನಲವತ್ತೂಕಾಲು.

ಅಷ್ಟರಲ್ಲಿ ದಂಡೆಗೆ ಮೋಟಾರ್ ಸೈಕಲ್ ಬಂದು ನಿಂತಿತು. ಇಳಿದವರು ತಪಾಸಣೆಯ ಕೈಲಾಶ ಸಾಹೇಬರು. ಕಮಲನಗರದ ಕಡೆಯ ತರುಣ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಫಾರ್ಮು, ಕಿವಿಯ ಮೇಲೆ ಪೆನ್ನು.

ಕೈಲಾಶ: ನಮಸ್ಕಾರ್ರಿ ಬಾಯಿ. ಮಷೀನ್ ತಯ್ಯಾರ ಅದ ಅಲ್ಲ? ಹೋದ ಸಲದಂಗ ನನ್ನ ಕೈಲೇ ಹುಟ್ಟು ಹಾಕಸಬ್ಯಾಡ್ರಿ. ಎಂಟು ದಿನ ಭುಜ ಏಳಲಿಲ್ಲ.

ಕೌಸಲ್ಯಾಬಾಯಿ: ಏ, ಹೊಸಾದು ಆದಂಗ ಆಗ್ಯಾದ್ರಿ ಸಾಹೇಬ್ರ. ಮಾರಿ ಕಾಣ್ತದ ಅದರಾಗ. ಚಹಾ ಕುಡೀತೀರಿ?

ಕೈಲಾಶ: ಚಹಾ ಬಾದ ಮೆ. ಪೈಲೆ ಕೆಲಸ. ನಾ ಇಲ್ಲಿ ಮೂತಿ ಕಡೆ ಕುಂದರ್ತೇನಿ. ಹೂಂ, ಚಾಲೂ ಮಾಡ್ರಿ.

ಗಂಡಸರು ಮೂವರೂ ಒಮ್ಮೆಲೇ ಆಕಾಶ ನೋಡಿದೆವು. ಕೌಸಲ್ಯಾಬಾಯಿ ನಮ್ಮನ್ನು ನೋಡಿದರು. ದಾರದ ಉಂಡೆ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ದೋಣಿಯ ಬಾಲದ ಕಡೆ ಹತ್ತಿ, ಗಂಡನ ಕೈಯಿಂದ ಹಗ್ಗ ಕಸಿದುಕೊಂಡರು.

ಕೌಸಲ್ಯಾಬಾಯಿ: ಸರೀರಿ ಆ ಕಡಿ. ಸುತ್ತಾಕ ಬರಲ್ಲ, ಜಗ್ಗಾಕ ಬರಲ್ಲ.

ಎಡಗೈಯಿಂದ ಗರಗರನೆ ಸುತ್ತಿದರು. ಹಲ್ಲು ಕಚ್ಚಿ ಜಗ್ಗಿದರು. ಒಂದೇ ಸಲ! ಮೋಟಾರು ಕೆಮ್ಮಲಿಲ್ಲ, ಉಗುಳಲಿಲ್ಲ, ನಲವತ್ತು ಸಲ ಎಳೆದವರ ಮರ್ಯಾದೆಯನ್ನೂ ನೋಡಲಿಲ್ಲ. ಭರ್ರೆಂದು ಹೊತ್ತಿಕೊಂಡಿತು. ನಾವು ಮೂವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದೆವು. ಕುಣಿಯುತ್ತ ನೋಡಿದರೆ, ಮಣ್ಣಿಗೆ ಒರಗಿದ್ದ ಮೂತಿಯನ್ನು ಬಿಡಿಸಿಕೊಂಡು, ದೋಣಿ ಬಾಲ ಮುಂದಾಗಿ ನೀರಿನೊಳಗೆ ಹೊರಟಿತ್ತು.

ಗೋರಖನಾಥ: ಏ! ಏ! ಹಿಂದ ಹೊಂಟದ!

ನಜಮೋದ್ದೀನ: ಯಾ ಅಲ್ಲಾ! ವೈನಿ ಹಗ್ಗ ಉಲ್ಟಾ ಸುತ್ಯಾರ, ಎಂಜಿನ್ ಉಲ್ಟಾ ತಿರಗ್ಲಾಕತ್ತದ! ನಾವು ಟೈಮಿಂಗ್ ಇಟ್ಟಿದ್ದೂ ಉಲ್ಟಾ! ಉಲ್ಟಾಕ ಉಲ್ಟಾ ಕೂಡಿ ಬರೋಬರ ಆಗ್ಯಾದ!

ಗೋರಖನಾಥ: ಬರೋಬರ ಏನು ಬಂತು, ಹೆಂಡತಿ ಉಲ್ಟಾ ಹೊಂಟಾಳ!

ನಜಮೋದ್ದೀನ: ಅದು ನಿನಗ ಹೊಸಾದೇನು?

ದೋಣಿಯಲ್ಲಿ ಮಾತ್ರ ಬೇರೆಯೇ ದೃಶ್ಯ. ನಮ್ಮ ಕಡೆ ಮುಖ ಮಾಡಿ ಕೂತಿದ್ದ ಕೈಲಾಶ ಸಾಹೇಬರಿಗೆ ನಾವು ದೂರವಾಗುತ್ತಿದ್ದೆವು. ಅವರ ಮುಖ ಅರಳಿತು.

ಕೈಲಾಶ: ಅರೆ ವಾ ಬಾಯಿ! ರಿವರ್ಸ್ ಅದ! ಹೋದ ಸಲ ಇದ್ದಿಲ್ಲಲ್ಲ?

ಕೌಸಲ್ಯಾಬಾಯಿ: ನಮ್ಮ ಮನಿಯವ್ರೇ ಕೂಡಿಸ್ಯಾರ್ರಿ ಸಾಹೇಬ್ರ! ಭಾಳ ತಲಿ ಅವರದು!

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹೊಗಳಿಸಿಕೊಂಡ ಗೋರಖನಾಥ ಕೈ ಬೀಸಲು ಹೋಗಿ, ಕಿಸೆಯಲ್ಲಿ ಏನೋ ಚುಚ್ಚಿ, ಕೆಂಪು ಬಟನ್ ಹೊರಗೆ ತೆಗೆದ. ನಜಮೋದ್ದೀನ ಅದನ್ನು ನೋಡಿದ, ದೋಣಿಯನ್ನು ನೋಡಿದ, ಬಟನ್ನಿನ ತಂತಿಯ ತುದಿ ಹಿಡಿದ.

ನಜಮೋದ್ದೀನ: ಭಾಯ್, ತಿಳೀತು. ಇದು ಬಂದ್ ಮಾಡೂ ಬಟನ್.

ಗೋರಖನಾಥ: ಬಂದ್ ಮಾಡೂ ಬಟನ್ ಇಲ್ಲಿ ಅದ, ಮತ್ತ ಮಷೀನ್ ಅಲ್ಲಿ ಅದ...

ನಜಮೋದ್ದೀನ: ಹಾಂ. ಹಂಗಾಗಿ ಬಂದ್ ಆಗೂದಿಲ್ಲ.

ದೋಣಿ ದೊಡ್ಡದೊಂದು ಸುತ್ತು ಹೊಡೆಯಿತು, ಹಿಂದುಹಿಂದಕ್ಕೆ. ಇನ್ನೊಂದು ಸುತ್ತು. ದಡದ ಹತ್ತಿರ ಬಂದಾಗೆಲ್ಲ ಮಾತು ಕೇಳುತ್ತಿತ್ತು, ದೂರ ಹೋದಾಗ ಬರೀ ಕೈಸನ್ನೆ.

ಕೈಲಾಶ: ಇಪ್ಪತ್ತು ಮಿನಿಟ ಆಯ್ತು ಬಾಯಿ! ನಿಲ್ಲಸ್ರಿ, ಸಾಕು!

ಕೌಸಲ್ಯಾಬಾಯಿ: ಪೂರಾ ಬರೀರಿ ಸಾಹೇಬ್ರ! ಅವಸರ ಏನದ?

ಕೈಲಾಶ: ಬಾಕಿ ಎಲ್ಲ ಬರದೀನಿ! ‘ಮುಂದಕ್ಕೆ ಚಲಿಸುತ್ತದೆಯೇ’ ಅಂತ ಒಂದು ಖಾನೆ ಉಳದದ! ಮುಂದ ಎಲ್ಲಿ ಹೊಂಟದ ಇದು?

ಕೌಸಲ್ಯಾಬಾಯಿ: ದೋಣಿ ಮುಂದೇ ಹೊಂಟದ್ರಿ! ನೀವೇ ಹಿಂದ ಮಾರಿ ಮಾಡಿ ಕುಂತೀರಿ! ತಿರುಗಿ ಕುಂದರ್ರಿ!

ದೋಣಿ ದೂರ ಹೋಯಿತು. ಸಾಹೇಬರು ಎದ್ದು, ತೂರಾಡಿ, ಬೆನ್ನು ನಮ್ಮ ಕಡೆ ಮಾಡಿ ಕೂತದ್ದು ಕಂಡಿತು. ಈಗ ದೋಣಿ ಅವರ ಮುಖ ಇದ್ದ ಕಡೆಗೇ ಹೊರಟಿತ್ತು. ಆಮೇಲೆ ತಲೆ ತಗ್ಗಿಸಿ ಏನೋ ಬರೆದರು. ಮುಂದಿನ ಸುತ್ತಿಗೆ ದಡದ ಹತ್ತಿರ ಬಂದಾಗ ರಟ್ಟನ್ನು ಎತ್ತಿ ಕೂಗಿದರು.

ಕೈಲಾಶ: ಸಹಿ ಮಾಡೀನಿ! ನಿಮ್ಮ ಪರವಾನಗಿ ಮೂರು ವರ್ಷ ಮುಂದ ಹಾಕೀನಿ!

ಗೋರಖನಾಥ ಎದೆ ಹಿಡಿದುಕೊಂಡ.

ಗೋರಖನಾಥ: ಮುಂದ ಹಾಕ್ಯಾರ? ಮೂರು ವರ್ಷ? ಅಂದ್ರ ಅಲ್ಲೀ ತನಕ ಮೀನು ಹಿಡೀಬಾರದ? ಹದಿನಾಲ್ಕು ಮನಿಯವ್ರು ನನ್ನ ಬಿಡ್ತಾರೇನು? ಸರ್, ಯಾವ ಮುಂದ ಅಂತ ಕೇಳ್ರಿ!

ನಜಮೋದ್ದೀನ: ಮಾಸ್ಟರ್ ಸಾಬರಿಗಿ ಕೇಳಬ್ಯಾಡ! ಸಾಬ್! ಸಾಹೇಬ್ರ! ಮುಂದ ಅಂದ್ರ ಮುಟ್ಟೂಕಿಂತ ಪೈಲೆ ಮುಂದನೋ, ಮುಟ್ಟಿದ ಮ್ಯಾಲ ಮುಂದನೋ?

ಕೈಲಾಶ: ಏನು ಮುಟ್ಟೂದು? ಇವತ್ತಿಂದ ಮೂರು ವರ್ಷ ಹಿಡೀರಿ ಮೀನು! ಪಾಸ್ ಆಗ್ಯಾದ! ಈಗರೆ ಇದನ್ನ ನಿಲ್ಲಸ್ರಿ ಬಾಯಿ, ದೇವಾ, ಚಹಾ ಕುಡೀತೇನಿ!

ಆ ಮಾತು ಮುಗಿದದ್ದೇ ತಡ, ಮೋಟಾರು ಗಪ್ಪಾಯಿತು. ಕೌಸಲ್ಯಾಬಾಯಿ ನಿಧಾನವಾಗಿ ಹುಟ್ಟು ಹಾಕುತ್ತ ದಂಡೆಗೆ ಬಂದರು. ಸಾಹೇಬರು ಇಳಿದು, ಎರಡು ಹೆಜ್ಜೆ ಅಭ್ಯಾಸಬಲದಿಂದ ಹಿಂದಕ್ಕೇ ನಡೆದು, ಆಮೇಲೆ ಸರಿಯಾಗಿ ಚಹಾದ ಕಡೆ ಹೋದರು. ಫಾರ್ಮಿನ ಮೇಲಿನ ಸಹಿ ಭೂಕಂಪದಲ್ಲಿ ಮಾಡಿದಂತಿತ್ತು. ಆದರೆ ಸಹಿ ಸಹಿಯೇ.

ಗೋರಖನಾಥ: ಬಂದ್ ಮಾಡೂ ಬಟನ್ ನನ್ನ ಕಿಸೇದಾಗ ಅದ. ನೀ ಹ್ಯಾಂಗ ಬಂದ್ ಮಾಡ್ದಿ?

ಕೌಸಲ್ಯಾಬಾಯಿ: ಪೆಟ್ರೋಲ್ ಬರೂ ನಳದ ಕಾಕ್ ತಿರುವಿದೆ. ನನ್ನ ಎಡಗೈ ಬಾಜೂಕೇ ಇತ್ತು.

ನಜಮೋದ್ದೀನ: ಮತ್ತ ಇಷ್ಟೊತ್ತು ಯಾಕ ತಿರಗಿದಿರಿ ವೈನಿ?

ಕೌಸಲ್ಯಾಬಾಯಿ: ಸಾಹೇಬ್ರ ಸಹಿಕಿಂತ ಮುಂದ ಬಂದ್ ಮಾಡಿದ್ರ ಹ್ಯಾಂಗ ಆಗ್ತದ?

ನಾನು: ಸಹಿಕಿಂತ ಮುಂದ? ಅಂದ್ರ... ಮೊದಲ?

ಕೌಸಲ್ಯಾಬಾಯಿ: ಹೌದ್ರಿ ಸರ್, ಮುಂದ ಅಂದ್ರ ಮೊದಲ. ಇಷ್ಟೂ ಗೊತ್ತಿಲ್ದೆ ಇಪ್ಪತ್ತೆರಡು ವರ್ಷ ಆ ಹುಡುಗರಿಗಿ ಏನು ಕಲಿಸಿದಿರಿ? ಚೀಲ ಕೊಡ್ರಿ ಇಲ್ಲಿ, ಮೀನು ಹಾಕಿ ಕೊಡ್ತೇನಿ. ಪುಸ್ತಕ ಓದಿ ಅಡಿಗಿ ಮಾಡಬ್ಯಾಡ್ರಿ, ಮನ್ಯಾಗ ಅಕ್ಕಾವ್ರಿಗಿ ಕೇಳ್ರಿ.